ಇಂದೋ ತುಂಕೆಯ ಮನೆ ಕಳುವಾಗಿಲ್ಲ

ಬಾರಾಲಂಪೆ ಕೇರಿಯಲ್ಲಿ ಕಳೆದ ಒಂಬತ್ತು ವರ್ಷಗಳಿಂದ ಒಂದೇ ಒಂದು ಕಳ್ಳತನವೂ ನಡೆದಿಲ್ಲ ಎಂಬುದನ್ನು ಸಾರ್ವಜನಿಕರ ಗಮನಕ್ಕೆ ತರಲು ಹರ್ಷಿಸುತ್ತೇವೆ. ಇತ್ತೀಚೆಗೆ ಇಂದೋ ತುಂಕೆಯ ಮನೆ ಇದ್ದ ಜಾಗದಲ್ಲಿ ಇಲ್ಲದೇ ಹೋದದ್ದು ಈ ಲೆಕ್ಕಕ್ಕೆ ಬರುವುದಿಲ್ಲ. ಅದನ್ನು ಹೊತ್ತುಕೊಂಡು ಹೋದವರು ನಾವೇ. ಅದೂ ಹಾಡಹಗಲು, ಧ್ವನಿವರ್ಧಕದಲ್ಲಿ ಕೂಗಿ ಹೇಳಿ, ಹೊಟ್ಟೆ ತುಂಬ ಕಡುಬು ತಿಂದು.

ನಾನು ಸದರಿ ಕೇರಿಯ ಜೀವ, ಆಸ್ತಿ ಮತ್ತು ಸುರಕ್ಷತಾ ಸಮಿತಿಯ ಸಹಕಾರ್ಯದರ್ಶಿ ತಾಹಿರ್. ಕಾಫಿ ಸರಬರಾಜೂ ನನ್ನ ಪಾಲಿಗೇ ಬಂದಿದೆ. ಸುತ್ತಲಿನ ಕೇರಿಗಳವರು ಈ ವಿಷಯದಲ್ಲಿ ಬಾಯಿಗೆ ಬಂದ ಹಾಗೆ ಮಾತಾಡಿಕೊಂಡು ನಗುತ್ತಿರುವುದರಿಂದ, ನಡೆದದ್ದನ್ನು ನಡೆದ ಹಾಗೆ ಹೇಳಿಬಿಡುವುದು ಸೂಕ್ತವೆಂದು ಸಮಿತಿ ತೀರ್ಮಾನಿಸಿದೆ. ಸಮಿತಿ ಅಂದರೆ ನಮ್ಮ ಕೇರಿಯ ಮುಖ್ಯಸ್ಥ ದಾಯೆಂಗ್ ಮಸ್ಸಾವುದೆ. ದಾಯೆಂಗ್ ಅಂದರೆ ಅಣ್ಣ. ಅವರಿಗಿಂತ ದೊಡ್ಡವರೂ ಅವರನ್ನು ದಾಯೆಂಗ್ ಅಂತಲೇ ಕರೆಯಬೇಕು, ಇಲ್ಲದಿದ್ದರೆ ಅವರಿಗೆ ಕಿವಿ ಕೇಳಿಸುವುದಿಲ್ಲ.

ಮೊದಲು ಮನೆಗಳ ವಿಷಯ. ನಮ್ಮ ದ್ವೀಪದ ಬುಗಿಸ್ ಜನರ ಮನೆಗಳಿಗೆ ನೆಲದ ಮೇಲೆ ಅಂಥ ಮೋಹವಿಲ್ಲ. ಮನೆ ಮರದ ಕಂಬಗಳ ಮೇಲೆ ನಿಂತಿರುತ್ತದೆ, ಕಂಬಗಳು ಕಲ್ಲುಗಳ ಮೇಲೆ. ಮನೆ ಮಾರಿದರೆ ಕೊಂಡವನು ಮನೆಯನ್ನೇ ಎತ್ತಿಕೊಂಡು ಹೋಗುತ್ತಾನೆ, ಜಾಗ ಇದ್ದಲ್ಲೇ ಇರುತ್ತದೆ. ಆದರೆ ಒಬ್ಬನೇ ಎತ್ತಲಾಗುತ್ತದೆಯೆ? ಅವನು ಮೊದಲೇ ಬಂದು ಕೇರಿಯ ಗಂಡಸರ ಹೆಗಲು ಕೇಳಬೇಕು. ಶುಕ್ರವಾರ ಮಧ್ಯಾಹ್ನ ನಮಾಜು ಮುಗಿಸಿ ಗಂಡಸರೆಲ್ಲ ಒಟ್ಟಿಗೆ ಸಿಗುತ್ತಾರೆ. ಕಂಬಗಳಿಗೆ ಉದ್ದುದ್ದ ಬಿದಿರು ಕಟ್ಟಿ, ಹೆಗಲು ಕೊಟ್ಟು, ಎತ್ತಿ ನಡೆದುಬಿಡುವುದು. ಹೆಗಲು ಕೇಳಿ ಬಂದವರಿಗೆ ಇಲ್ಲ ಅಂದವನ ಮಾನ ಉಳಿಯುವುದಿಲ್ಲ. ನಮ್ಮಪ್ಪ ಜ್ವರ ಬಂದು ಮಲಗಿದ್ದವರೂ ಎದ್ದು ಹೋಗಿ ಹೆಗಲು ಕೊಟ್ಟು ಬಂದು ಮತ್ತೆ ಮಲಗಿದ್ದರು.

ಇನ್ನು ಸುರಕ್ಷತೆಯ ವಿಷಯ. ಪ್ರತಿವರ್ಷ ಜಿಲ್ಲೆಯವರು 'ಅತ್ಯಂತ ಸುರಕ್ಷಿತ ಕೇರಿ' ಎಂದು ಒಂದು ಫಲಕ ಕೊಡುತ್ತಾರೆ. ಫಲಕದ ಜೊತೆಗೆ ಊರ ಬಾಗಿಲಿಗೆ ಬಣ್ಣದ ದೀಪಗಳಿರುವ ಸಿಮೆಂಟಿನ ಕಮಾನು. ಕಮಾನಿನ ಮೇಲೆ ಮುಖ್ಯಸ್ಥನ ಹೆಸರು ಕೆತ್ತಿಸುತ್ತಾರೆ. ದಾಯೆಂಗ್ ಮಸ್ಸಾವುದೆ ಆ ಕಮಾನಿನ ಕನಸು ಕಂಡು ಕಂಡು ಸೊರಗಿ ಹೋಗಿದ್ದರು. ಹಾಗಾಗಿ ನಮ್ಮ ಕೇರಿಯಲ್ಲಿ ಕೋಳಿ ಕಳೆದುಹೋದರೆ ಅದು ಬಂಧುಗಳ ಮನೆಗೆ ಹೋಗಿದೆ ಎಂದೂ, ಸೈಕಲ್ ಕಾಣದಿದ್ದರೆ ಅದು ದುರಸ್ತಿಯಲ್ಲಿದೆ ಎಂದೂ ಪರಿಗಣಿಸಲಾಗುತ್ತದೆ. ಕಳ್ಳ ಬಂದರೆ ಬಡಿದು ಊರನ್ನು ಎಬ್ಬಿಸಲಿಕ್ಕೆಂದು ಕಾವಲು ಕಟ್ಟೆಯಲ್ಲಿ ಟೊಳ್ಳು ಮರದ ಡೋಲೊಂದು ಇತ್ತು. ಅದನ್ನೇ ಯಾರಾದರೂ ಕದ್ದುಬಿಟ್ಟರೆ ಫಲಕದ ಗತಿ ಏನು ಎಂದು ದಾಯೆಂಗ್ ಅದನ್ನು ತಮ್ಮ ಮನೆಯ ಅಟ್ಟದ ಮೇಲೆ ಬೀಗ ಹಾಕಿ ಇಟ್ಟಿದ್ದಾರೆ. ಅಂದಿನಿಂದ ಡೋಲು ಪೂರ್ಣ ಸುರಕ್ಷಿತವಾಗಿದೆ.

ಕಟ್ಟೆಯ ಮೇಲಿನ ಬೋರ್ಡಿನಲ್ಲಿ ಮೂರು ನಿಯಮಗಳಿದ್ದವು. ಅದರಲ್ಲಿ ಮೊದಲನೆಯದು: 'ಹೊರಗಿನಿಂದ ಬಂದ ಅತಿಥಿಗಳು ಇಪ್ಪತ್ತನಾಲ್ಕು ಗಂಟೆಯೊಳಗೆ ಕಾವಲು ಕಟ್ಟೆಗೆ ಹಾಜರಾಗಿ ವರದಿ ಮಾಡಿಕೊಳ್ಳತಕ್ಕದ್ದು.' ಈ ನಿಯಮವನ್ನು ನಾನು ಹುಟ್ಟಿದಾಗಿನಿಂದ ಒಬ್ಬರೂ ಪಾಲಿಸಿದ್ದನ್ನು ನೋಡಿರಲಿಲ್ಲ. ಬರುವವರೆಲ್ಲ ಒಬ್ಬರಲ್ಲ ಒಬ್ಬರ ಭಾವಮೈದುನರು. ಅವರು ಯಾಕೆ ವರದಿ ಮಾಡಿಕೊಳ್ಳುತ್ತಾರೆ? ಸೀದಾ ಊಟಕ್ಕೆ ಕೂರುತ್ತಾರೆ.

ಹೀಗಿರುವಾಗ ಒಂದು ಮಧ್ಯಾಹ್ನ ನಾನೂ ದಾಯೆಂಗೂ ಕಟ್ಟೆಯಲ್ಲಿ ಕುಳಿತು ಡೊಮಿನೊ ಆಡುತ್ತ ಕೇರಿಯನ್ನು ಕಾಯುತ್ತಿದ್ದಾಗ, ಇಸ್ತ್ರಿ ಮಾಡಿದ ಬಿಳಿ ಅಂಗಿ, ಕಪ್ಪು ಟೋಪಿ ಹಾಕಿದ್ದ ಒಬ್ಬರು ಬೈಕಿನಿಂದ ಇಳಿದು ಕೈಮುಗಿದರು.

"ಅಸ್ಸಲಾಮು ಅಲೈಕುಂ. ನನ್ನ ಹೆಸರು ರುಸ್ಮನ್. ಇಲ್ಲಿ ಅತಿಥಿಗಳು ಎಲ್ಲಿ ವರದಿ ಮಾಡ್ಕೋಬೇಕು?"

ದಾಯೆಂಗ್ ಕೈಯಲ್ಲಿದ್ದ ಡೊಮಿನೊ ಕಾಯಿ ಹಾಗೇ ಕೆಳಗೆ ಬಿತ್ತು. ಇಬ್ಬರೂ ಎದ್ದು ನಿಂತೆವು.

"ಇಲ್ಲೇ, ಇಲ್ಲೇ! ಬನ್ನಿ, ಕೂತ್ಕೊಳ್ಳಿ. ಯಾವಾಗ ಬಂದ್ರಿ?"

"ಈಗ ತಾನೇ. ಬೈಕು ಇನ್ನೂ ಬಿಸಿ ಇದೆ. ಬೇಕಾದ್ರೆ ಮುಟ್ಟಿ ನೋಡಿ."

ದಾಯೆಂಗ್ ಹೋಗಿ ಮುಟ್ಟಿ ನೋಡಿದರು. ನಿಜವಾಗಿಯೂ ಬಿಸಿ ಇತ್ತು. ವಾಪಸ್ಸು ಬಂದಾಗ ಅವರ ಕಣ್ಣಲ್ಲಿ ನೀರಾಡುತ್ತಿತ್ತು, ಬೆರಳು ಸುಟ್ಟಿದ್ದಕ್ಕೋ ಸಂತೋಷಕ್ಕೋ ಗೊತ್ತಾಗಲಿಲ್ಲ.

"ತಾಹಿರ್, ಕಾಫಿ ತಾರೋ! ಸಕ್ಕರೆ ಜಾಸ್ತಿ ಹಾಕು!" ಎಂದರು. ಆಮೇಲೆ ಗಂಟಲು ಸರಿಮಾಡಿಕೊಂಡು, ನಿಯಮದ ಪ್ರಕಾರ ಕೇಳಬೇಕಾದ ಪ್ರಶ್ನೆಯನ್ನು ಜೀವನದಲ್ಲಿ ಮೊದಲ ಬಾರಿಗೆ ಕೇಳಿದರು. "ಎಷ್ಟು ದಿನ ಇರ್ತೀರಿ?"

"ನೋಡೋಣ. ಶುಕ್ರವಾರದವರೆಗೆ," ಎಂದರು ರುಸ್ಮನ್. "ಇಂದೋ ತುಂಕೆಯವರ ಮನೆ ತಗೊಂಡಿದ್ದೀನಿ. ಕಾಲುವೆ ಆಚೆ ನನ್ನದೊಂದು ಜಾಗ ಇದೆ, ಅಲ್ಲಿಗೆ ಸಾಗಿಸ್ಬೇಕು. ನಿಮ್ಮೆಲ್ಲರ ಹೆಗಲು ಬೇಕಿತ್ತು."

ಇಂದೋ ತುಂಕೆ ಅಂದರೆ ನಮ್ಮ ಪಕ್ಕದ ಮನೆಯಾಕೆ, ಗಂಡ ತೀರಿಕೊಂಡು ಕೆಲವು ವರ್ಷವಾಗಿದೆ. ವಯಸ್ಸಾದ ಹೆಂಗಸರನ್ನು ನಾವು ಇಂದೋ, ಅಂದರೆ ಅಮ್ಮ, ಅನ್ನುತ್ತೇವೆ. ಆಗ ಆಕೆ ಮಗಳ ಬಾಣಂತನಕ್ಕೆಂದು ಪಾರೆಪಾರೆ ಪಟ್ಟಣಕ್ಕೆ ಹೋಗಿದ್ದರು. ಹೋಗುವಾಗ ಮನೆ ಮಾರುವ ಮಾತು ಎತ್ತಿರಲಿಲ್ಲ. ಕೋಳಿಗಳಿಗೆ ಕಾಳು ಹಾಕು ಅಂತ ಮಾತ್ರ ಹೇಳಿದ್ದರು.

"ಇಂದೋ ಮನೆ ಮಾರಿದ್ರಾ? ನಮಗೆ..." ಅನ್ನುವಷ್ಟರಲ್ಲಿ ದಾಯೆಂಗ್ ಮೇಜಿನಡಿ ನನ್ನ ಕಾಲು ತುಳಿದರು.

ರುಸ್ಮನ್ ಕಾಫಿ ಕುಡಿದು, ಲೋಟ ತಾವೇ ತೊಳೆದಿಟ್ಟು ಹೋದ ಮೇಲೆ ನನಗೆ ಪೂಜೆಯಾಯಿತು.

"ಹೆಗಲು ಕೇಳಿ ಬಂದೋರ ಹತ್ರ ನಿಮ್ಮದೇನಾ ಅಂತ ಕೇಳ್ತಾರೇನೋ? ನಾಚಿಕೆ ಆಗಲ್ವಾ ನಿನಗೆ? ಆ ಮನುಷ್ಯ ಬಂದ ಕೂಡ್ಲೇ ವರದಿ ಮಾಡ್ಕೊಂಡಿದ್ದಾನೆ. ಕಳ್ಳ ಆಗಿದ್ರೆ ವರದಿ ಮಾಡ್ಕೋತಿದ್ನಾ?"

"ಅದೂ ಸರಿ," ಅಂದೆ. ಅದು ಸರಿಯಾಗಿಯೇ ಇತ್ತು.

ನನ್ನಂಥ ಮೂರ್ಖರು ಮುಂದೆ ಹುಟ್ಟದಿರಲೆಂದು ದಾಯೆಂಗ್ ಅಂದೇ ದೋಣಿಗೆ ಬಳಿದು ಉಳಿದಿದ್ದ ನೀಲಿ ಬಣ್ಣದಲ್ಲಿ ಬೋರ್ಡಿನ ಮೇಲೆ ಹೊಸ ನಿಯಮ ಬರೆಸಿದರು. 'ನಿಯಮ ನಾಲ್ಕು: ಹೆಗಲು ಕೇಳಿ ಬಂದವರನ್ನು ಯಾರ ಮನೆ, ಯಾಕೆ, ಎಲ್ಲಿಗೆ ಎಂದು ಪ್ರಶ್ನಿಸಿ ಅವಮಾನಿಸತಕ್ಕದ್ದಲ್ಲ. ತಪ್ಪಿದಲ್ಲಿ ಅಂಥವರ ಮನೆಯನ್ನು ಮುಂದೆ ಯಾರೂ ಎತ್ತತಕ್ಕದ್ದಲ್ಲ.'

ಮನೆಗೆ ಹೋಗಿ ನನ್ನ ಹೆಂಡತಿ ಜುಮ್ರಾಗೆ ಸುದ್ದಿ ಹೇಳಿದೆ. ಅವಳ ಮುಖ ಕೆಂಪಗಾಯಿತು.

"ನೋಡಿದ್ರಾ ಆಯಮ್ಮನ! ಬೆಳಗೆದ್ದರೆ ನನ್ನ ಒಲೆಯಿಂದ ಕೆಂಡ ತಗೊಂಡು ಹೋಗೋಳು. ಮನೆ ಮಾರಿದ್ದು ಒಂದು ಮಾತು ಹೇಳ್ಬಾರ್ದಿತ್ತಾ? ನಾನೇನು ಬೇಡ ಅಂತಿದ್ನಾ?"

"ಒಂದು ಫೋನ್ ಮಾಡಿ ಕೇಳು ಮತ್ತೆ."

"ನಾನು ಮಾಡ್ಬೇಕಾ? ಮಾರಿದೋಳು ಅವಳು. ಅವಳೇ ಮಾಡ್ಲಿ!"

ಕೇರಿಯ ಹೆಂಗಸರೆಲ್ಲರೂ ಇದೇ ನಿಲುವು ತಳೆದರು. ಇಂದೋ ತುಂಕೆಗೆ ಯಾರೂ ಫೋನ್ ಮಾಡಲಿಲ್ಲ. ಆಕೆಗೆ ಮೊಮ್ಮಗು ಹುಟ್ಟಿದ ಸಡಗರ, ಆಕೆಯೂ ಮಾಡಲಿಲ್ಲ. ಹೀಗೆ ಎರಡೂ ಕಡೆಯ ಮರ್ಯಾದೆ ಉಳಿಯಿತು.

ಶುಕ್ರವಾರದ ಕಾರ್ಯಕ್ರಮ ಬಹಳ ಅಚ್ಚುಕಟ್ಟಾಗಿ ನಡೆಯಿತು ಎಂದು ತಿಳಿಸಲು ನನಗೆ ಹೆಮ್ಮೆಯಾಗುತ್ತದೆ. ಹೆಂಗಸರು ಮುನಿಸಿಕೊಂಡೇ ಬಾಳೆಹಣ್ಣಿನ ಕಡುಬು ಬೇಯಿಸಿದರು, ಎಲೆ ಬಿಚ್ಚಿದರೆ ಘಮ್ಮೆನ್ನುತ್ತಿತ್ತು. ಇಂದೋ ತುಂಕೆಯ ಪಾತ್ರೆ ಪಡಗ, ಗಾಜಿನ ಸಾಮಾನುಗಳನ್ನು ಒಡೆಯದಂತೆ ಬಟ್ಟೆ ಸುತ್ತಿ ತೆಗೆದು ನಮ್ಮ ಮನೆಯ ಕೆಳಗೆ ಜೋಡಿಸಿದರು. ರುಸ್ಮನ್ ಒಬ್ಬೊಬ್ಬರ ಹತ್ತಿರವೂ ಹೋಗಿ ಕೈಹಿಡಿದು ಮಾತಾಡಿಸಿದರು. ಇಂದೋ ತುಂಕೆಯ ಸ್ವಂತ ತಮ್ಮ ಎಲ್ಲರಿಗಿಂತ ಮೊದಲು ಬಂದು ಮುಂದಿನ ಕಂಬಕ್ಕೆ ಹೆಗಲು ಕೊಟ್ಟ. ಅಕ್ಕ ತನಗೂ ಹೇಳಿಲ್ಲವೆಂಬ ಸಿಟ್ಟಿನಲ್ಲಿ ಅವನು ಮಾಮೂಲಿಗಿಂತ ಎತ್ತರಕ್ಕೆ ಎತ್ತಿದ್ದರಿಂದ ಮನೆ ಸ್ವಲ್ಪ ದೂರ ವಾಲಿಕೊಂಡೇ ಸಾಗಿತು.

ದಾಯೆಂಗ್ ಮಸ್ಸಾವುದೆ ಧ್ವನಿವರ್ಧಕ ಹಿಡಿದು ಮುಂದೆ ನಡೆದರು. "ಸಾರ್ವಜನಿಕರ ಗಮನಕ್ಕೆ! ಮನೆ ಹೊರಟಿದೆ! ದಾರಿಯಲ್ಲಿರೋ ಬಾತುಕೋಳಿಗಳನ್ನ ತೆರವುಗೊಳಿಸಿ! ಒಂದು, ಎರಡು, ಎತ್ತಿ!" ಕಾಲುವೆಯ ಹತ್ತಿರ ನೀರಿಗಿಳಿದು ಸೊಂಟದ ಮಟ್ಟ ನೆನೆದೆವು. ಆಚೆ ದಡದಲ್ಲಿ ಮನೆ ಇಳಿಸಿದಾಗ ಒಂದು ಹಲಗೆಯೂ ಸಡಿಲಾಗಿರಲಿಲ್ಲ. ಇಂದಿಗೂ ನನ್ನ ಎಡ ಹೆಗಲು ನೋಯುತ್ತದೆ. ರುಸ್ಮನ್ ಎರಡೆರಡು ಕಡುಬು ಬಲವಂತ ಮಾಡಿ ತಿನ್ನಿಸಿದರು. ಅಂಥ ಸಂಭಾವಿತರನ್ನು ನಾವು ಕಂಡಿರಲಿಲ್ಲ.

ಮುಂದಿನ ಸೋಮವಾರ ಇಂದೋ ತುಂಕೆ ಬಸ್ಸಿಳಿದು ಬಂದರು. ಒಂದು ಕೈಯಲ್ಲಿ ಚೀಲ, ಇನ್ನೊಂದು ಕೈಯಲ್ಲಿ ಒಣಮೀನಿನ ಕಟ್ಟು. ಬಾಗಿಲಲ್ಲಿ ನಿಂತು ನೋಡಿದ ಜುಮ್ರಾ ಮುಖ ತಿರುಗಿಸಿಕೊಂಡು ಒಳಗೆ ಹೋದಳು. ಇಂದೋ ತಮ್ಮ ಜಾಗಕ್ಕೆ ಹೋಗಿ ನಿಂತರು. ಅಲ್ಲಿ ಕಂಬ ಕೂರಿಸುತ್ತಿದ್ದ ಕಲ್ಲುಗಳಿದ್ದವು, ಏಣಿ ಇದ್ದ ಕಡೆ ಕಾಲು ತೊಳೆಯುವ ಗಡಿಗೆ ಇತ್ತು. ಕೋಳಿಗಳು ಮನೆಯಡಿಯ ನೆರಳಿನಲ್ಲಿ ಕೂರುವ ಅಭ್ಯಾಸದಂತೆ ಬಿಸಿಲಲ್ಲೇ ಸಾಲಾಗಿ ಕೂತಿದ್ದವು. ಇಂದೋ ಒಂದು ಸಲ ಮುಂದಕ್ಕೆ ಹೋದರು, ಮತ್ತೆ ಹಿಂದಕ್ಕೆ ಬಂದರು, ತಪ್ಪಿ ಬೇರೆ ಕೇರಿಯಲ್ಲಿ ಇಳಿದೆನೇನೋ ಅನ್ನುವ ಹಾಗೆ ಸುತ್ತಲೂ ನೋಡಿದರು. ಆಮೇಲೆ ಕಟ್ಟೆಗೆ ಬಂದರು.

"ತಾಹಿರ್, ನನ್ನ ಮನೆ ಎಲ್ಲಪ್ಪಾ?"

"ಕಾಲುವೆ ಆಚೆ ಇದೆ ಇಂದೋ. ಚೆನ್ನಾಗಿದೆ. ಒಂದು ಹಲಗೆ ಕೂಡ ಅಲುಗಾಡಿಲ್ಲ."

"ಯಾರು ತಗೊಂಡ್ಹೋದ್ರು?"

"ನಾವೇ."

ಆಕೆ ಒಣಮೀನಿನ ಕಟ್ಟನ್ನು ನೆಲಕ್ಕೆ ಹಾಕಿದರು. "ಅಯ್ಯೋ ನಿಮ್ಮ ಮನೆ ಹಾಳಾಗ! ನಾನೆಲ್ಲಿ ಮಾರಿದ್ದೆ? ಯಾರಿಗೆ ಮಾರಿದ್ದೆ?"

ವಿಷಯ ಆಗ ಸ್ವಲ್ಪ ಸ್ಪಷ್ಟವಾಯಿತು. ಆದರೆ ಸ್ಪಷ್ಟವಾಗಬಾರದ ಹೊತ್ತಿನಲ್ಲಿ ಸ್ಪಷ್ಟವಾಗಿತ್ತು, ಯಾಕೆಂದರೆ ಆ ಶುಕ್ರವಾರವೇ ಫಲಕದ ಪರಿಶೀಲನೆಗೆ ಜಿಲ್ಲೆಯ ಅಧಿಕಾರಿ ಬರುವವರಿದ್ದರು.

ಇಂದೋ ಡೋಲು ಬಡಿಯುತ್ತೇನೆಂದು ಹುಡುಕಿದರು. ಡೋಲು ದಾಯೆಂಗ್ ಮನೆಯ ಅಟ್ಟದಲ್ಲಿತ್ತು. ಅಷ್ಟರಲ್ಲಿ ದಾಯೆಂಗ್ ಬಂದು ಆಕೆಯನ್ನು ಕೂರಿಸಿ, ತುರ್ತು ಸಭೆ ಕರೆದು, ನಿರ್ಣಯವನ್ನು ನಿಂತುಕೊಂಡು ಹೇಳಿದರು. "ಕಳ್ಳತನ ಎಂದರೆ ಹೊರಗಿನವರು, ಕತ್ತಲಲ್ಲಿ, ಸದ್ದಿಲ್ಲದೆ ಮಾಡುವ ಕೃತ್ಯ. ಪ್ರಸ್ತುತ ಪ್ರಕರಣದಲ್ಲಿ ಮನೆಯನ್ನು ಸಾಗಿಸಿದವರು ಒಳಗಿನವರು. ವೇಳೆ ಮಧ್ಯಾಹ್ನ. ಸದ್ದು ಕಾಲುವೆಯಾಚೆಗೂ ಕೇಳಿಸಿದೆ. ಆದ ಕಾರಣ ಮೇಲ್ಕಂಡ ಮನೆಯು ಕಳುವಾಗಿಲ್ಲವೆಂದು ಈ ಮೂಲಕ ಘೋಷಿಸಲಾಗಿದೆ."

"ನಾನು ಪೊಲೀಸಿಗೆ ಹೋಗ್ತೀನಿ."

"ಹೋಗಿ ಇಂದೋ, ಯಾರು ಬೇಡ ಅಂದ್ರು? ಹೊತ್ತೋರು ಯಾರು ಅಂತ ಕೇಳ್ತಾರೆ. ಕೇರಿ ಗಂಡಸರೆಲ್ಲರ ಹೆಸರೂ ಹೇಳ್ಬೇಕಾಗುತ್ತೆ. ಮೊದಲ್ನೇ ಹೆಸರು ನಿಮ್ಮ ತಮ್ಮಂದು. ಮುಂದಿನ ಕಂಬ ಹಿಡಿದಿದ್ದು ಅವನೇ."

ಆಕೆಯ ತಮ್ಮ ಒಂದು ಮೂಲೆಯಲ್ಲಿ ಕೂತು ತನ್ನ ಹೆಗಲನ್ನೇ ನೋಡಿಕೊಳ್ಳುತ್ತಿದ್ದ. ಇಂದೋ ಅವನನ್ನು ನೋಡಿದರು, ನಮ್ಮನ್ನೆಲ್ಲ ನೋಡಿದರು. ಆಮೇಲೆ ಅತ್ತುಬಿಟ್ಟರು.

"ಆ ಮನೆಯ ಒಂದೊಂದು ಕಂಬಾನೂ ಅವರು ಬೆಟ್ಟದಿಂದ ಎಮ್ಮೆ ಕೈಲಿ ಎಳೆಸಿ ತಂದಿದ್ದು ಕಣ್ರೋ. ನಡುಗಂಬಕ್ಕೆ ಒರಗಿಕೊಂಡೇ ಅವರು ಪ್ರಾಣ ಬಿಟ್ರು. ದಿನಾ ಸಂಜೆ ನಾನು ಅಲ್ಲೇ ಕೂತು ಮಾತಾಡ್ತಿದ್ದೆ. ಇನ್ನು ಎಲ್ಲಿ ಕೂತ್ಕೊಳ್ಲಿ? ಹೇಳಿ, ಎಲ್ಲಿ ಕೂತ್ಕೊಳ್ಲಿ?"

ಸಂಕಟಪಡುವುದು ಸಹಕಾರ್ಯದರ್ಶಿಯ ಅಧಿಕಾರ ವ್ಯಾಪ್ತಿಯಲ್ಲಿ ಬರುವುದಿಲ್ಲವಾದ್ದರಿಂದ ಕಾಫಿ ಮಾಡಲು ಎದ್ದು ಹೋದೆ.

ಮರುದಿನ ಇಂದೋ ಕಾಲುವೆ ದಾಟಿ ರುಸ್ಮನ್ ಹತ್ತಿರವೇ ಹೋದರು. ರುಸ್ಮನ್ ಏಣಿ ಇಳಿದು ಬಂದು ಸ್ವಾಗತಿಸಿದರು. "ಬನ್ನಿ ಇಂದೋ, ನಿಮ್ಮದೇ ಮನೆ ಅಂದ್ಕೊಳ್ಳಿ," ಎಂದರು. ಇಂದೋ ಬಾಯಿಗೆ ಬಂದದ್ದೆಲ್ಲ ಬೈದರು. ರುಸ್ಮನ್ ತಲೆಬಾಗಿಸಿ ಎಲ್ಲ ಕೇಳಿಸಿಕೊಂಡರು. "ಇಡೀ ಕೇರಿ ನೀರಲ್ಲಿ ನಿಂತು ಹೊತ್ತು ತಂದುಕೊಟ್ಟಿದ್ದಾರೆ. ಈಗ ಇದು ಕದ್ದಿದ್ದು ಅಂದ್ರೆ ಅವರ ಮಾನದ ಗತಿ ಏನು, ನೀವೇ ಹೇಳಿ? ನನ್ನಿಂದ ಅಂಥ ಕೆಲಸ ಆಗಲ್ಲ," ಅಂದರಂತೆ. ಕಾಲುವೆಯಾಚೆಯ ಕೇರಿಯಲ್ಲೂ ಅವರು ಹೋದ ದಿನವೇ ವರದಿ ಮಾಡಿಕೊಂಡಿದ್ದರು. ಅಲ್ಲಿಯವರು ಅವರ ಶಿಸ್ತಿಗೆ ಮೆಚ್ಚಿ ತಮ್ಮ ಸುರಕ್ಷತಾ ಸಮಿತಿಯ ಮುಖ್ಯಸ್ಥರನ್ನಾಗಿ ಮಾಡಿದ್ದರು.

ಇಂದೋ ಸೋತು ವಾಪಸ್ಸು ಬರುವಾಗ ದಾಯೆಂಗ್ ಕಟ್ಟೆಯಿಂದಲೇ ಕರೆದರು.

"ಇಂದೋ, ತಪ್ಪು ತಿಳ್ಕೋಬೇಡಿ. ಅಧಿಕಾರಿಗಳು ಬರೋರಿದ್ದಾರೆ. ಈಗ ನಿಮಗೆ ಕೇರಿಯಲ್ಲಿ ಮನೆ ಇಲ್ಲ. ಮನೆ ಇಲ್ಲದೋರು ನಿಯಮದ ಪ್ರಕಾರ ಅತಿಥಿಗಳು. ನಿನ್ನೆ ಬಂದಿದ್ದೀರಿ, ಇಪ್ಪತ್ತನಾಲ್ಕು ಗಂಟೆ ಆಗ್ತಾ ಬಂತು. ಒಂಚೂರು ವರದಿ ಮಾಡ್ಕೊಂಡುಬಿಡಿ."

ಇಂದೋ ಹುಟ್ಟಿದ್ದು ಇದೇ ಕೇರಿಯಲ್ಲಿ. ದಾಯೆಂಗ್ ಮಸ್ಸಾವುದೆಯವರು ಚಿಕ್ಕವರಿದ್ದಾಗ ಕಾಲುವೆಗೆ ಬಿದ್ದರೆ ಕೂದಲು ಹಿಡಿದು ಎಳೆದು ಹಾಕಿದ್ದೂ ಇವರೇ. ಇಂದೋ ಕಟ್ಟೆ ಹತ್ತಿ ಬಂದು ಕೂತರು.

"ಎಷ್ಟು ದಿನ ಇರ್ತೀರಿ?" ಎಂದು ದಾಯೆಂಗ್ ಕೇಳಿದರು.

ನಾನು ಕಾಫಿ ಲೋಟ ಹಿಡಿದುಕೊಂಡು ನಿಂತೇ ಇದ್ದೆ. ಇಂದೋ ಕಣ್ಣು ಬೋರ್ಡಿನ ಮೇಲೆ ಹೋಗಿ, ಅಲ್ಲಿ ಹೊಸದಾಗಿ ಬರೆದಿದ್ದ ನೀಲಿ ಸಾಲುಗಳ ಮೇಲೆ ನಿಂತಿತು. ಒಂದು ಸಲ ಓದಿದರು. ಮತ್ತೊಂದು ಸಲ ಓದಿದರು. ಆಮೇಲೆ ಸೆರಗಿನಿಂದ ಮುಖ ಒರೆಸಿಕೊಂಡರು.

"ನೋಡೋಣ," ಎಂದರು. "ಶುಕ್ರವಾರದವರೆಗೆ."

"ಸಂತೋಷ."

"ಬಂದಿದ್ದು ಬಂದಾಯ್ತು, ಒಂದು ಮಾತು ಕೇಳ್ಕೊಂಡುಬಿಡ್ತೀನಿ ದಾಯೆಂಗ್. ನನ್ನ ಜಾಗ ಖಾಲಿ ಬಿದ್ದಿದೆ. ಅಲ್ಲಿಗೊಂದು ಮನೆ ತಗೊಂಡಿದ್ದೀನಿ. ಶುಕ್ರವಾರ ನಿಮ್ಮೆಲ್ಲರ ಹೆಗಲು ಬೇಕಿತ್ತು."

ದಾಯೆಂಗ್ ಮುಖ ಅರಳಿತು. ಸಮಸ್ಯೆ ತಾನಾಗೇ ಬಗೆಹರಿದಿತ್ತು. "ಅದಕ್ಕೇನಂತೆ! ಕೊಟ್ಟೆವು ಅಂದ್ಕೊಳ್ಳಿ!" ಎಂದರು.

"ಯಾರ ಮನೆ ಇಂ..." ಎಂದು ನಾನು ಶುರುಮಾಡಿದೆ. ದಾಯೆಂಗ್ ಮತ್ತೆ ನನ್ನ ಕಾಲು ತುಳಿದರು. ಈ ಸಲ ಹೆಬ್ಬೆರಳೇ ಸಿಕ್ಕಿತು.

ಅಂದಿನಿಂದ ಶುಕ್ರವಾರದವರೆಗೆ ಇಂದೋ ನಮ್ಮ ಮನೆಯಲ್ಲೇ ಇದ್ದರು. ಮನೆ ಮಾರೇ ಇಲ್ಲ ಅಂತ ತಿಳಿದ ಕ್ಷಣ ಜುಮ್ರಾ ಓಡಿಹೋಗಿ ಆಕೆಯನ್ನು ತಬ್ಬಿಕೊಂಡು, "ನನ್ನ ನಾಲಿಗೆಗೆ ಬೆಂಕಿ ಬೀಳ, ಒಂದು ಫೋನ್ ಮಾಡಿದ್ರೆ ಏನಾಗ್ತಿತ್ತು ನನಗೆ!" ಎಂದು ಗೋಳಾಡಿದ್ದಳು. ಇಬ್ಬರೂ ಒಟ್ಟಿಗೆ ಕೂತು ಬಾಳೆಹಣ್ಣು ಕಿವುಚಿ, ಎಲೆ ಮಡಿಸಿ ಕಡುಬು ಕಟ್ಟಿದರು. ಕಟ್ಟುತ್ತ ಪಿಸಪಿಸ ಮಾತಾಡಿ ಬಿದ್ದು ಬಿದ್ದು ನಕ್ಕರು.

"ಏನೇ ಅದು ನಗು?" ಅಂದೆ.

"ನಿಯಮ ನಾಲ್ಕು ಓದಿಲ್ವಾ?" ಎಂದಳು ಜುಮ್ರಾ. "ಕೇಳೋ ಹಾಗಿಲ್ಲ."

ಶುಕ್ರವಾರ ಬೆಳಿಗ್ಗೆ ಜಿಲ್ಲೆಯ ಪರಿಶೀಲನಾಧಿಕಾರಿ ಪಾಕ್ ಸುದಾರ್ತೊ ಬಂದರು. ಪಾಕ್ ಅಂದರೆ ಸಾಹೇಬರು. ಇವರು ಜಾವಾ ದ್ವೀಪದ ಕಡೆಯವರು. ಅಲ್ಲಿ ಮನೆಗಳು ಇದ್ದಲ್ಲೇ ಇರುತ್ತವಂತೆ. ಅವರನ್ನು ಕಟ್ಟೆಯಲ್ಲಿ ಕೂರಿಸಿ ನಾನು ಕಾಫಿ ಕೊಟ್ಟೆ.

"ಈ ವರ್ಷ ಕಳ್ಳತನ?"

"ಇಲ್ಲ ಪಾಕ್," ಎಂದರು ದಾಯೆಂಗ್.

"ಅತಿಥಿಗಳ ನಿಯಮ ಪಾಲನೆ?"

"ಈ ತಿಂಗಳು ಇಬ್ಬರು ಸ್ವಂತ ಇಚ್ಛೆಯಿಂದ ವರದಿ ಮಾಡ್ಕೊಂಡಿದ್ದಾರೆ."

ಪಾಕ್ ಸುದಾರ್ತೊ ಕುರ್ಚಿಯಲ್ಲಿ ನೆಟ್ಟಗೆ ಕೂತರು. ಅವರ ವೃತ್ತಿಜೀವನದಲ್ಲಿ ಹೀಗೆ ಆಗಿರಲಿಲ್ಲವಂತೆ. ಫಲಕ ಅವರ ಚೀಲದಲ್ಲೇ ಇತ್ತು. ಅದರ ಹಿತ್ತಾಳೆಯ ಮೂಲೆ ಹೊರಗೆ ಇಣುಕುತ್ತಿದ್ದುದನ್ನು ದಾಯೆಂಗ್ ನೋಡುತ್ತಲೇ ಇದ್ದರು.

ನಮಾಜು ಮುಗಿಯಿತು. ಗಂಡಸರು ಬಿದಿರು ಹೊತ್ತು ತಂದರು. ದಾಯೆಂಗ್ ಧ್ವನಿವರ್ಧಕ ಹಿಡಿದು, ಅಧಿಕಾರಿಯನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು, ನಮ್ಮ ಜನರ ಒಗ್ಗಟ್ಟಿನ ಬಗ್ಗೆ ನಾಲ್ಕು ಮಾತಾಡಿದರು. "ಇಂದೋ, ಎಲ್ಲಿಗೆ ಹೋಗ್ಬೇಕು ತೋರ್ಸಿ," ಎಂದರು.

ಇಂದೋ ತುಂಕೆ ಮುಂದೆ ನಡೆದರು. ನಾವು ಹಿಂದೆ. ಮಸೀದಿ ದಾಟಿದರು, ಅಂಗಡಿ ದಾಟಿದರು, ಹಸಿರು ಬಣ್ಣದ ತಗಡಿನ ಚಾವಣಿಯ, ಕೆತ್ತನೆ ಮಾಡಿದ ಕಿಟಕಿಗಳ, ಕೇರಿಯಲ್ಲೇ ದೊಡ್ಡದಾದ ಮನೆಯ ಮುಂದೆ ಬಂದು ನಿಂತರು.

"ಇದೇ," ಎಂದರು.

ಅದು ದಾಯೆಂಗ್ ಮಸ್ಸಾವುದೆಯವರ ಮನೆ.

ಗಂಡಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಇಂದೋ ತುಂಕೆಯ ತಮ್ಮ ಮಾತ್ರ ಯಾರ ಮುಖವನ್ನೂ ನೋಡಲಿಲ್ಲ. ಸೀದಾ ಹೋಗಿ ಮುಂದಿನ ಕಂಬಕ್ಕೆ ಬಿದಿರು ಕಟ್ಟತೊಡಗಿದ. ಅವನ ಹಿಂದೆ ಇನ್ನೊಬ್ಬ ಹೋದ. ಆಮೇಲೆ ಎಲ್ಲರೂ ಹೋದರು. ಹೆಗಲು ಕೊಡುತ್ತೇವೆ ಅಂದ ಮೇಲೆ ಮಾತಿಗೆ ತಪ್ಪಲಾಗುತ್ತದೆಯೆ?

"ಅದು..." ಎಂದರು ದಾಯೆಂಗ್.

"ಏನು ದಾಯೆಂಗ್?" ಇಂದೋ ತಿರುಗಿ ನಿಂತರು. "ಏನೋ ಕೇಳ್ಬೇಕು ಅಂತಿದ್ರಾ?"

ಧ್ವನಿವರ್ಧಕ ಚಾಲೂ ಇತ್ತು. ದಾಯೆಂಗ್ ಉಸಿರು ಇಡೀ ಕೇರಿಗೆ ಕೇಳಿಸಿತು. ಅವರಿಗೆ ಕೂಗಬೇಕೆನಿಸಿತ್ತು ಅಂತ ನನಗೆ ಗೊತ್ತು. ಆದರೆ 'ಕಳ್ಳತನ' ಅಂದರೆ ಪಕ್ಕದಲ್ಲಿ ಚೀಲ ಹಿಡಿದ ಪಾಕ್ ಸುದಾರ್ತೊ ಇದ್ದರು. 'ಯಾರ ಮನೆ' ಅಂದರೆ ನಿಯಮ ನಾಲ್ಕು. ಡೋಲು ಬಡಿಸೋಣವೆಂದರೆ ಅದು ಇದೇ ಮನೆಯ ಅಟ್ಟದಲ್ಲಿ ಅತ್ಯಂತ ಸುರಕ್ಷಿತವಾಗಿತ್ತು.

"ಏನಿದು?" ಎಂದರು ಪಾಕ್ ಸುದಾರ್ತೊ ಕುತೂಹಲದಿಂದ.

"ಮನೆ ಸಾಗಿಸೋದು ಪಾಕ್. ನಮ್ಮ ಕಡೆ ಪದ್ಧತಿ," ಎಂದೆ ನಾನು.

"ಬಹಳ ಚೆನ್ನಾಗಿದೆ! ಯಾರ ಮನೆ ಇದು?"

ಕೇರಿಗೆ ಕೇರಿಯೇ ದಾಯೆಂಗ್ ಮುಖ ನೋಡಿತು. ದಾಯೆಂಗ್ ಮನೆಯನ್ನು ನೋಡಿದರು, ಚೀಲದ ಹಿತ್ತಾಳೆಯ ಮೂಲೆಯನ್ನು ನೋಡಿದರು, ಮತ್ತೆ ಮನೆಯನ್ನು ನೋಡಿದರು.

"ಇಂದೋ ತುಂಕೆಯದು," ಎಂದರು. ಆಮೇಲೆ ಧ್ವನಿವರ್ಧಕವನ್ನು ಬಾಯಿಗೆ ಹತ್ತಿರ ಹಿಡಿದರು. "ಸಾರ್ವಜನಿಕರ ಗಮನಕ್ಕೆ. ಮನೆ ಹೊರಟಿದೆ. ಒಂದು, ಎರಡು..." ಇಲ್ಲಿ ಸ್ವಲ್ಪ ತಡವಾಯಿತು. "ಎತ್ತಿ."

ಎತ್ತಿದೆವು. ಒಳಗೆ ಅವರ ಹೆಂಡತಿ ಮೀನು ಹುರಿಯುತ್ತಿದ್ದರು. ಕಿಟಕಿಯಿಂದ ತಲೆ ಹೊರಗೆ ಹಾಕಿ, "ಯಾಕ್ರೀ ಮನೆ ನಡೀತಿದೆ?" ಎಂದು ಕೂಗಿದರು. "ಸುಮ್ನೆ ಒಲೆ ಆರಿಸೇ!" ಎಂದು ದಾಯೆಂಗ್ ಧ್ವನಿವರ್ಧಕದಲ್ಲೇ ಹೇಳಿದರು. ಮನೆ ಇಂದೋ ತುಂಕೆಯ ಜಾಗಕ್ಕೆ ಬಂದು ಕೂತಿತು. ಅಲ್ಲಿಯ ಕಲ್ಲುಗಳ ಅಳತೆ ಬೇರೆಯಾದ್ದರಿಂದ ಒಂದು ಮಗ್ಗುಲಿಗೆ ತುಸು ವಾಲಿದೆ, ಅಷ್ಟೇ. ಕೋಳಿಗಳು ಎದ್ದು ಮೈ ಕೊಡವಿಕೊಂಡು ನೆರಳಿಗೆ ಹೋದವು.

ಪಾಕ್ ಸುದಾರ್ತೊ ಮೂರು ಕಡುಬು ತಿಂದು, ಇಂಥ ಸಹಕಾರವನ್ನು ಬೇರೆಲ್ಲೂ ಕಂಡಿಲ್ಲವೆಂದು ಹೇಳಿ ಅಲ್ಲಿಯೇ ಫಲಕ ಕೊಟ್ಟರು. ದಾಯೆಂಗ್ ಅದನ್ನು ಎರಡೂ ಕೈಯಲ್ಲಿ ತೆಗೆದುಕೊಂಡರು. ಚಪ್ಪಾಳೆ ಬಿತ್ತು. ಫಲಕವನ್ನು ತೂಗುಹಾಕಲು ಅವರು ಅಭ್ಯಾಸಬಲದಿಂದ ಏಣಿ ಹತ್ತಲು ಹೋದರು, ಮತ್ತೆ ನೆನಪಾಗಿ ಇಳಿದರು.

ಈಗ ಎಲ್ಲವೂ ಒಂದು ವ್ಯವಸ್ಥೆಗೆ ಬಂದಿದೆ. ಊರ ಬಾಗಿಲಲ್ಲಿ ಕಮಾನು ಎದ್ದಿದೆ. ಅದರ ಮೇಲೆ ದಾಯೆಂಗ್ ಮಸ್ಸಾವುದೆ ಎಂಬ ಹೆಸರಿದೆ, ಸುತ್ತ ದೀಪಗಳು ಮಿನುಗುತ್ತವೆ. ಕಮಾನಿಗೆ ಹೆಗಲು ಕೊಟ್ಟು ಎತ್ತಲಾಗದಂತೆ ಬುಡಕ್ಕೆ ಕಾಂಕ್ರೀಟು ಹಾಕಲಾಗಿದೆ. ದಾಯೆಂಗ್ ಕಾವಲು ಕಟ್ಟೆಯಲ್ಲೇ ಮಲಗುತ್ತಾರೆ, ಇದರಿಂದ ಕೇರಿಯ ಕಾವಲು ಹಿಂದೆಂದಿಗಿಂತ ಬಿಗಿಯಾಗಿದೆ. ಅವರ ಹೆಂಡತಿ ಇಂದೋ ಜೊತೆಯಲ್ಲೇ ಇದ್ದಾರೆ. ಈ ಕಡೆ ಗಾಳಿ ಚೆನ್ನಾಗಿ ಬೀಸುತ್ತದೆ, ನಾನೆಲ್ಲೂ ಬರುವುದಿಲ್ಲ ಅಂದಿದ್ದಾರೆ.

ಇಂದೋ ಹಟವೇನೂ ಮಾಡುತ್ತಿಲ್ಲ. "ನನ್ನ ಮನೆ ಈಚೆ ಬಂದ ದಿನ ನಿನ್ನ ಮನೆ ಎತ್ಕೊಂಡು ಹೋಗಪ್ಪಾ," ಎಂದು ಹೇಳಿದ್ದಾರೆ. ಹಾಗಾಗಿ ದಾಯೆಂಗ್ ಕಾಲುವೆ ದಾಟಿ ಆಚೆ ಕೇರಿಯ ಹೆಗಲು ಕೇಳಲು ಹೋಗಿದ್ದರು. ಅಲ್ಲಿಯ ಸುರಕ್ಷತಾ ಸಮಿತಿಯ ಮುಖ್ಯಸ್ಥ ರುಸ್ಮನ್ ಅವರನ್ನು ಆದರದಿಂದ ಕೂರಿಸಿ, ಕಾಫಿ ಕೊಟ್ಟು, ಮನವಿಯನ್ನು ಪರಿಶೀಲನೆಗೆ ಇಟ್ಟುಕೊಂಡಿದ್ದಾರೆ. ಮುಂದಿನ ವರ್ಷದ ಫಲಕಕ್ಕೆ ಅವರೂ ಸ್ಪರ್ಧಿಸುತ್ತಿರುವುದರಿಂದ ಸ್ವಲ್ಪ ಕಾಲ ಹಿಡಿಯಬಹುದು.

ಸಂಜೆ ಹೊತ್ತು ಇಂದೋ ವಾಲಿದ ಜಗಲಿಯಲ್ಲಿ ಕೂತು ಕಾಲುವೆಯಾಚೆ ತಮ್ಮ ಮನೆಯಲ್ಲಿ ದೀಪ ಹತ್ತುವುದನ್ನು ನೋಡುತ್ತಾರೆ. ಒಂದು ಸಲ ನಾನು ಕೇಳಿದೆ, ಇಷ್ಟು ದೊಡ್ಡ ಮನೆ ಸಿಕ್ಕಿದೆಯಲ್ಲ, ಇನ್ನೂ ಬೇಜಾರಾ ಎಂದು. "ಈ ಮನೇಲಿ ಒರಗಿಕೊಳ್ಳಕ್ಕೆ ಕಂಬ ಬಹಳ ಇವೆ ತಾಹಿರ್. ಮಾತಾಡಕ್ಕೆ ಒಂದೂ ಇಲ್ಲ," ಎಂದರು. ನಾನು ಕಾಫಿ ತರುತ್ತೇನೆಂದು ಎದ್ದೆ.

ದಾಯೆಂಗ್ ಮಸ್ಸಾವುದೆಗೆ ಕೇರಿಯಲ್ಲಿ ಮನೆ ಇಲ್ಲದ ಕಾರಣ, ನಿಯಮ ಒಂದರ ಪ್ರಕಾರ ಅವರು ಪ್ರತಿದಿನವೂ ಅತಿಥಿಯಾಗಿ ವರದಿ ಮಾಡಿಕೊಳ್ಳತಕ್ಕದ್ದು. ಕಟ್ಟೆಯಲ್ಲಿ ತಮಗೆ ತಾವೇ ವರದಿ ಮಾಡಿಕೊಳ್ಳುವುದು ಸರಿಯಲ್ಲವೆಂದು ಸಮಿತಿ ಆ ಅಧಿಕಾರವನ್ನು ಇಂದೋ ತುಂಕೆಗೆ ವಹಿಸಿದೆ. ದಿನಾ ಬೆಳಿಗ್ಗೆ ದಾಯೆಂಗ್ ಹೋಗಿ ತಮ್ಮ ಮನೆಯ ಏಣಿಯ ಕೆಳಗಿನ ಗಡಿಗೆಯಲ್ಲಿ ಕಾಲು ತೊಳೆದು, ಮೇಲೆ ಹತ್ತಿ, ತಮ್ಮ ಕುರ್ಚಿಯ ತುದಿಯಲ್ಲಿ ಕೂರುತ್ತಾರೆ. ಇಂದೋ ಕಾಫಿ ತಂದಿಡುತ್ತಾರೆ. ನೆಲ ವಾಲಿರುವುದರಿಂದ ಕಾಫಿ ಬಸಿಯ ಒಂದೇ ಬದಿಗೆ ಸರಿದು ನಿಲ್ಲುತ್ತದೆ.

"ಎಷ್ಟು ದಿನ ಇರ್ತೀಯಪ್ಪಾ?" ಎಂದು ಇಂದೋ ಕೇಳುತ್ತಾರೆ.

"ನೋಡೋಣ ಇಂದೋ," ಎನ್ನುತ್ತಾರೆ ದಾಯೆಂಗ್ ಮಸ್ಸಾವುದೆ, ಕಿಟಕಿಯ ಕೆತ್ತನೆಯನ್ನು ಬೆರಳಿನಿಂದ ಸವರುತ್ತ. "ಶುಕ್ರವಾರದವರೆಗೆ."